ಹಳೆಯ ಟ್ರ್ಯಾಕ್ಟರಿನ ಮುಂದಿನ ಗಾಲಿಗಳ ಜೋಡಣೆ: ದೋಷ ಪತ್ತೆ ಹಚ್ಚುವ ಕ್ರಮ

ಬಿತ್ತನೆಯ ಸಾಲು ನೇರವಾಗಿರಬೇಕೆಂಬುದು ಕೇವಲ ಅಂದದ ಮಾತಲ್ಲ. ಗೋವಿನಜೋಳವನ್ನು 60 ಸೆಂ.ಮೀ. ಅಂತರದ ಸಾಲುಗಳಲ್ಲಿ ಬಿತ್ತಿ, ಮುಂದೆ 40 ಸೆಂ.ಮೀ. ಅಗಲದ ಕುಂಟೆಯಿಂದ ಎಡೆ ಹೊಡೆಯುವಾಗ ಬೆಳೆಗೂ ಕುಂಟೆಯ ಅಲಗಿಗೂ ನಡುವೆ ಉಳಿಯುವುದು ಎರಡೂ ಬದಿಗೆ ತಲಾ 10 ಸೆಂ.ಮೀ. ಮಾತ್ರ. ಬಿತ್ತುವಾಗ ಸಾಲು ಒಂದು ಕಡೆಗೆ 5 ಸೆಂ.ಮೀ. ಬಾಗಿ, ಎಡೆ ಹೊಡೆಯುವಾಗ ಟ್ರ್ಯಾಕ್ಟರ್ ಇನ್ನೊಂದು ಕಡೆಗೆ 5 ಸೆಂ.ಮೀ. ಸರಿದರೆ ಈ ಅಂತರ ಪೂರ್ತಿ ಮುಗಿಯಿತು. ಅಲಗು ನೇರವಾಗಿ ಬೆಳೆಯ ಬುಡಕ್ಕೆ ತಗಲುತ್ತದೆ. ರಾಗಿಯಂತಹ 30 ಸೆಂ.ಮೀ. ಸಾಲಿನ ಬೆಳೆಯಲ್ಲಿ ಈ ಅವಕಾಶ ಇನ್ನೂ ಕಡಿಮೆ. ಬೀಜ, ಗೊಬ್ಬರ, ಕಳೆ ನಿರ್ವಹಣೆ ಎಲ್ಲವೂ ಶಿಫಾರಸಿನಂತೆ ನಡೆದಿದ್ದರೂ ಹೊಲದಲ್ಲಿ ಸಸಿಗಳ ಸಂಖ್ಯೆ ಕುಗ್ಗಲು ಟ್ರ್ಯಾಕ್ಟರಿನ ಅಡ್ಡನಡಿಗೆಯೂ ಒಂದು ಕಾರಣವಾಗಬಲ್ಲದು.

ಹಳೆಯ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯತೊಡಗಿದಾಗ ಅಥವಾ ಮುಂದಿನ ಟೈರುಗಳು ಬೇಗ ಸವೆಯತೊಡಗಿದಾಗ ‘ಅಲೈನ್‌ಮೆಂಟ್ ಹೋಗಿದೆ’ ಎಂದು ಟೈ ರಾಡನ್ನು ತಿರುಗಿಸಿಬಿಡುವುದು ಸಾಮಾನ್ಯ ರೂಢಿ. ಕೆಲವು ದಿನ ಸರಿಯಾದಂತೆ ಕಂಡ ಟ್ರ್ಯಾಕ್ಟರ್ ಮತ್ತೆ ಮೊದಲಿನಂತೆಯೇ ಆಗುತ್ತದೆ. ಇದಕ್ಕೆ ಕಾರಣ ಸರಳ: ಸಡಿಲವಾಗಿರುವ ಗಾಲಿಗೆ ನಿಶ್ಚಿತ ಅಳತೆ ಎಂಬುದಿಲ್ಲ. ಬೇರಿಂಗ್, ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿರುವಾಗ ನಾವು ಹೊಂದಿಸಿದ ಅಳತೆ ಗಾಲಿ ಉರುಳಿದೊಡನೆ ಬದಲಾಗುತ್ತದೆ. ಆದ್ದರಿಂದ ಗಾಳಿಯ ಒತ್ತಡ ಮೊದಲು, ಸಡಿಲದ ಪತ್ತೆ ಅನಂತರ, ಅಳತೆ ಅದರ ಬಳಿಕ, ಹೊಂದಾಣಿಕೆ ಕಟ್ಟಕಡೆಗೆ ಎಂಬ ಕ್ರಮವನ್ನು ನೀವು ತಪ್ಪದೆ ಪಾಲಿಸಬೇಕು. ಈ ಕ್ರಮದ ಬಹುಪಾಲನ್ನು ಮನೆಯಂಗಳದಲ್ಲಿಯೇ ಒಂದು ಜ್ಯಾಕ್, ಅಳತೆ ಟೇಪು ಮತ್ತು ಸೀಮೆಸುಣ್ಣದಿಂದ ಮಾಡಬಹುದು.

ಗಾಲಿ ಜೋಡಣೆ ಎಂದರೇನು?

ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೋಡಲು ನೆಟ್ಟಗೆ ನಿಂತಂತೆ ಕಂಡರೂ ಅವುಗಳನ್ನು ಉದ್ದೇಶಪೂರ್ವಕವಾಗಿ ತುಸು ಓರೆಯಾಗಿ ಕೂರಿಸಲಾಗಿರುತ್ತದೆ. ಇದರಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ.

1. ಟೋ-ಇನ್: ಮೇಲಿನಿಂದ ನೋಡಿದಾಗ ಎರಡೂ ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ಕೆಲವು ಮಿಲಿಮೀಟರ್ ಹತ್ತಿರವಿರುವುದು. ಹಿಂದಿನ ಗಾಲಿಗಳು ಟ್ರ್ಯಾಕ್ಟರನ್ನು ಮುಂದಕ್ಕೆ ನೂಕಿದಾಗ ನೆಲದ ಪ್ರತಿರೋಧದಿಂದ ಮುಂದಿನ ಗಾಲಿಗಳು ಹೊರಕ್ಕೆ ತೆರೆದುಕೊಳ್ಳಲು ಯತ್ನಿಸುತ್ತವೆ. ಒಳಮುಖದ ಈ ಅಲ್ಪ ಓರೆ ಅದನ್ನು ಸರಿದೂಗಿಸಿ, ಚಲನೆಯಲ್ಲಿ ಗಾಲಿಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಉರುಳುವಂತೆ ಮಾಡುತ್ತದೆ.

2. ಕ್ಯಾಂಬರ್: ಎದುರಿನಿಂದ ನೋಡಿದಾಗ ಗಾಲಿಯ ಮೇಲ್ಭಾಗ ತುಸು ಹೊರಕ್ಕೆ ವಾಲಿರುವುದು. ಇದರಿಂದ ಭಾರವು ಕಿಂಗ್ ಪಿನ್ನಿನ ಹತ್ತಿರವೇ ನೆಲಕ್ಕಿಳಿದು ಸ್ಟೀರಿಂಗ್ ಹಗುರವಾಗುತ್ತದೆ.

3. ಕ್ಯಾಸ್ಟರ್: ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವುದು. ತಿರುವಿನ ನಂತರ ಗಾಲಿಗಳು ನೇರಕ್ಕೆ ಮರಳಲು ಇದು ನೆರವಾಗುತ್ತದೆ.

ಎರಡು ಗಾಲಿ ಚಾಲನೆಯ ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ರೈತರು ಹೊಂದಿಸಬಹುದಾದದ್ದು ಟೋ-ಇನ್ ಒಂದನ್ನೇ. ಕ್ಯಾಂಬರ್ ಮತ್ತು ಕ್ಯಾಸ್ಟರ್ ಕೋನಗಳು ಆಕ್ಸಲ್ ಹಾಗೂ ಸ್ಪಿಂಡಲ್‌ಗಳ ರಚನೆಯಲ್ಲಿಯೇ ಅಡಗಿವೆ. ಅವು ಬದಲಾಗಿದ್ದರೆ ಯಾವುದೋ ಒಂದು ಭಾಗ ಬಾಗಿದೆ ಅಥವಾ ಸವೆದಿದೆ ಎಂದೇ ಅರ್ಥ. ಅದನ್ನು ಟೈ ರಾಡ್ ತಿರುಗಿಸಿ ಸರಿಪಡಿಸಲಾಗದು.

ತಪ್ಪು ಜೋಡಣೆಯ ಬೆಲೆ

ಒಂದು ಸಣ್ಣ ಲೆಕ್ಕ ನೋಡೋಣ. 6.00-16 ಅಳತೆಯ ಮುಂದಿನ ಟೈರಿನ ವ್ಯಾಸ ಸುಮಾರು 73 ಸೆಂ.ಮೀ. ಎರಡೂ ಗಾಲಿಗಳ ನಡುವೆ ಒಟ್ಟು 20 ಮಿ.ಮೀ. ತಪ್ಪು ಓರೆಯಿದೆ ಎಂದುಕೊಂಡರೆ ಒಂದೊಂದು ಗಾಲಿಯ ಪಾಲಿಗೆ 10 ಮಿ.ಮೀ. ಬರುತ್ತದೆ. ಹೀಗಿರುವಾಗ ಟ್ರ್ಯಾಕ್ಟರ್ ಒಂದು ಕಿ.ಮೀ. ಸಾಗಿದರೆ ಪ್ರತಿ ಟೈರು ಸರಿಸುಮಾರು 13ರಿಂದ 14 ಮೀಟರಿನಷ್ಟು ದೂರ ಅಡ್ಡಲಾಗಿ ನೆಲಕ್ಕೆ ಉಜ್ಜಿಕೊಂಡಂತಾಗುತ್ತದೆ. ಎರಡು ಮೀಟರ್ ಅಗಲದ ಕೂರಿಗೆಯಿಂದ ಒಂದು ಎಕರೆ ಬಿತ್ತಲು ಟ್ರ್ಯಾಕ್ಟರ್ ಸುಮಾರು 2 ಕಿ.ಮೀ. ಓಡಬೇಕು, ಹತ್ತು ಎಕರೆಗೆ 20 ಕಿ.ಮೀ. ಆಗುತ್ತದೆ. ಅಷ್ಟರಲ್ಲಿ ಪ್ರತಿ ಟೈರು ಕಾಲು ಕಿಲೋಮೀಟರಿಗೂ ಹೆಚ್ಚು ಅಡ್ಡಲಾಗಿ ತೇಯ್ದಿರುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಇದರ ನಷ್ಟ ಕಡಿಮೆ. ಆದರೆ ಕಬ್ಬಿನ ಅಥವಾ ಫಸಲಿನ ಟ್ರೇಲರ್ ಎಳೆಯುತ್ತ ಡಾಂಬರು ರಸ್ತೆಯಲ್ಲಿ ಓಡುವಾಗ ರಬ್ಬರ್ ಕಣ್ಣೆದುರಿಗೇ ಕರಗುತ್ತದೆ. ಸಡಿಲವಾದ ಸ್ಟೀರಿಂಗಿನೊಡನೆ ಭಾರದ ಟ್ರೇಲರ್ ಎಳೆಯುವುದು ಟೈರಿನ ಖರ್ಚಿಗಿಂತ ಬಹಳ ದೊಡ್ಡ ಅಪಾಯ ಎಂಬುದನ್ನು ಮರೆಯಬಾರದು.

ಮೊದಲ ಹೆಜ್ಜೆ: ದೋಷ ಟ್ರ್ಯಾಕ್ಟರಿನದೋ, ಉಪಕರಣದ್ದೋ?

ಸಾಲು ಸೊಟ್ಟಗಾಗುವುದಕ್ಕೆಲ್ಲ ಗಾಲಿ ಜೋಡಣೆಯೇ ಕಾರಣವಲ್ಲ. ಹಿಂದಿನ ಉಪಕರಣವನ್ನು ಕಳಚಿ, ವಾಹನ ಸಂಚಾರವಿಲ್ಲದ ಸಮತಟ್ಟಾದ ಗಟ್ಟಿ ನೆಲದ ಮೇಲೆ ಟ್ರ್ಯಾಕ್ಟರನ್ನು ನಿಧಾನವಾಗಿ ಓಡಿಸಿ. ಸ್ಟೀರಿಂಗನ್ನು ಕೈಬಿಡದೆ, ಬಿಗಿಯಾಗಿ ಹಿಡಿಯದೆ ಗಮನಿಸಿ.

• ಉಪಕರಣವಿಲ್ಲದಾಗ ಟ್ರ್ಯಾಕ್ಟರ್ ನೇರವಾಗಿ ಸಾಗಿ, ಹೊಲದಲ್ಲಿ ಮಾತ್ರ ಎಳೆದರೆ ದೋಷ ಉಪಕರಣದ ಜೋಡಣೆಯಲ್ಲಿದೆ. ಕಲ್ಟಿವೇಟರಿನ ತಾಳುಗಳು ನಡುವಿನಿಂದ ಎರಡೂ ಬದಿಗೆ ಸಮ ಅಂತರದಲ್ಲಿವೆಯೇ, ಎರಡೂ ಚೆಕ್ ಚೈನುಗಳು ಸಮನಾಗಿ ಬಿಗಿಯಾಗಿವೆಯೇ, ಉಪಕರಣ ಒಂದು ಬದಿಗೆ ತಗ್ಗಿದೆಯೇ ಎಂದು ನೋಡಬೇಕು.

• ಭಾರವಾದ ಉಪಕರಣ ಎತ್ತಿದಾಗ ಸ್ಟೀರಿಂಗ್ ತೀರ ಹಗುರವಾಗಿ, ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗದಿದ್ದರೆ ಮುಂಭಾಗದ ತೂಕ ಸಾಲದೆಂದು ತಿಳಿಯಬೇಕು. ಒಟ್ಟು ತೂಕದ ಸುಮಾರು ಐದನೇ ಒಂದು ಭಾಗವಾದರೂ ಮುಂದಿನ ಆಕ್ಸಲ್ ಮೇಲಿರಬೇಕು. ಇದಕ್ಕೆ ಪರಿಹಾರ ಮುಂಭಾಗದ ಹೆಚ್ಚುವರಿ ತೂಕವೇ ಹೊರತು ಟೈ ರಾಡ್ ಅಲ್ಲ.

• ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಎಡಬಲದ ಬ್ರೇಕುಗಳು ಸಮನಾಗಿ ಹಿಡಿಯುತ್ತಿಲ್ಲ. ರಸ್ತೆಯ ಮೇಲೆ ಎರಡೂ ಪೆಡಲುಗಳನ್ನು ಕೂಡಿಸುವ ಕೊಂಡಿ ಹಾಕಿರಲೇಬೇಕು.

• ಉಪಕರಣವಿಲ್ಲದಾಗಲೂ ಒಂದೇ ಕಡೆಗೆ ಎಳೆದರೆ ಅಥವಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆದಾಡಿದರೆ ಮುಂದಿನ ಹೆಜ್ಜೆಗಳಿಗೆ ಹೋಗಬೇಕು. ಒಂದೇ ಕಡೆಗೆ ಎಳೆಯುವುದು ಸಾಮಾನ್ಯವಾಗಿ ಅಸಮಾನ ಗಾಳಿ ಒತ್ತಡ ಅಥವಾ ಬಾಗಿದ ಭಾಗದ ಲಕ್ಷಣ. ಎರಡೂ ಕಡೆಗೆ ಅಲೆಯುವುದು ಸಡಿಲದ ಅಥವಾ ಗಾಲಿಗಳು ಹೊರಮುಖವಾಗಿರುವುದರ ಲಕ್ಷಣ.

ಎರಡನೇ ಹೆಜ್ಜೆ: ಟೈರಿನ ಸಾಕ್ಷಿ

ಮುಂದಿನ ಟೈರಿನ ಸುತ್ತ ಉದ್ದಕ್ಕೆ ಸಾಗುವ ರಬ್ಬರ್ ಪಟ್ಟಿಗಳು ಅನೇಕ ತಿಂಗಳ ಚಲನೆಯ ದಾಖಲೆಯನ್ನು ಉಳಿಸಿಕೊಂಡಿರುತ್ತವೆ. ಟೈರನ್ನು ತೊಳೆದು, ಹಗಲಿನ ಬೆಳಕಿನಲ್ಲಿ ಪರಿಶೀಲಿಸಿ.

• ನಡುವಿನ ಪಟ್ಟಿ ಮಾತ್ರ ಸವೆದಿದ್ದರೆ: ಗಾಳಿ ಅಧಿಕವಾಗಿದೆ.
• ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ: ಗಾಳಿ ಕಡಿಮೆಯಾಗಿದೆ ಅಥವಾ ಮುಂಭಾಗಕ್ಕೆ ಅತಿಭಾರ ಬಿದ್ದಿದೆ.
• ಎರಡೂ ಟೈರುಗಳ ಹೊರ ಅಂಚು ಸವೆದಿದ್ದರೆ: ಟೋ-ಇನ್ ಹೆಚ್ಚಾಗಿದೆ.
• ಎರಡೂ ಟೈರುಗಳ ಒಳ ಅಂಚು ಸವೆದಿದ್ದರೆ: ಗಾಲಿಗಳು ಹೊರಮುಖವಾಗಿವೆ.
• ಒಂದೇ ಟೈರಿನ ಒಂದೇ ಅಂಚು ಸವೆದಿದ್ದರೆ: ಆ ಬದಿಯ ಸ್ಪಿಂಡಲ್ ಬಾಗಿರಬಹುದು ಅಥವಾ ಕಿಂಗ್ ಪಿನ್ ಬುಷ್ ಸವೆದಿರಬಹುದು.
• ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ: ಹಬ್ ಬೇರಿಂಗ್ ಸಡಿಲವಾಗಿ ಗಾಲಿ ಅದುರುತ್ತಿದೆ.

ಕಣ್ಣಿಗೆ ಕಾಣದ್ದನ್ನು ಅಂಗೈ ತಿಳಿಸುತ್ತದೆ. ಟ್ರ್ಯಾಕ್ಟರ್ ನಿಂತಿರುವಾಗ ತಂತಿ ಅಥವಾ ಮುಳ್ಳು ಚುಚ್ಚಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು, ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿಯೂ ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಚೂಪಾಗಿಯೂ ತಗಲಿದರೆ ಟೋ-ಇನ್ ಹೆಚ್ಚಿದೆ. ಇದಕ್ಕೆ ವಿರುದ್ಧವಾಗಿ ತಗಲಿದರೆ ಗಾಲಿಗಳು ಹೊರಮುಖವಾಗಿವೆ. ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರಿನ ಮುಂದಿನ ಟೈರುಗಳು ತಾವೂ ನೆಲವನ್ನು ಎಳೆಯುವುದರಿಂದ ಅವುಗಳ ಸವೆತದ ರೀತಿ ಬೇರೆ. ಅವಕ್ಕೆ ಈ ಪಟ್ಟಿಯನ್ನು ಹಾಗೆಯೇ ಅನ್ವಯಿಸಬಾರದು.

ಮೂರನೇ ಹೆಜ್ಜೆ: ಗಾಳಿಯ ಒತ್ತಡ ಮತ್ತು ಸಡಿಲದ ಪತ್ತೆ

ಟೈರು ತಂಪಾಗಿರುವಾಗ ನಾಲ್ಕೂ ಟೈರುಗಳ ಒತ್ತಡವನ್ನು ಮಾಪಕದಿಂದ ಅಳೆದು, ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಸೂಚಿಸಿದಷ್ಟಕ್ಕೆ ತರಬೇಕು. ಎಡಬಲದ ಒತ್ತಡ ಸಮನಾಗಿರುವುದು ಅತಿ ಮುಖ್ಯ. ಹಿಂದಿನ ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಇಡೀ ಟ್ರ್ಯಾಕ್ಟರ್ ಆ ಕಡೆಗೆ ವಾಲುತ್ತದೆ. ಎಷ್ಟೋ ವೇಳೆ ‘ಅಲೈನ್‌ಮೆಂಟ್ ದೋಷ’ ಇಲ್ಲಿಗೇ ಮುಗಿಯುತ್ತದೆ.

ಒತ್ತಡ ಸರಿಯಾದ ಮೇಲೂ ದೋಷ ಉಳಿದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳ ಎರಡೂ ಬದಿಗೆ ಅಡ್ಡಗಲ್ಲು ಅಥವಾ ಮರದ ತುಂಡು ಇಡಿ. ಒಂದು ಸಲಕ್ಕೆ ಒಂದೇ ಬದಿಯ ಮುಂದಿನ ಗಾಲಿಯನ್ನು ಎತ್ತಿ, ಆಕ್ಸಲ್ ಕೆಳಗೆ ಭದ್ರವಾದ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಕೊಟ್ಟ ನಂತರವೇ ಪರೀಕ್ಷೆ ಆರಂಭಿಸಬೇಕು. ಕೇವಲ ಜ್ಯಾಕಿನ ಆಧಾರದ ಮೇಲೆ ನಿಂತ ಟ್ರ್ಯಾಕ್ಟರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಬಾರದು.

1. ಗಾಲಿಯನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಿದರೆ, ಸಹಾಯಕರೊಬ್ಬರು ಒಳಬದಿಯನ್ನು ಗಮನಿಸಲಿ. ಹಬ್ ಮಾತ್ರ ಅಲುಗಿ ಸ್ಪಿಂಡಲ್ ಸ್ಥಿರವಾಗಿದ್ದರೆ ದೋಷ ಹಬ್ ಬೇರಿಂಗಿನಲ್ಲಿದೆ. ಸ್ಪಿಂಡಲ್ ಸಹ ಆಕ್ಸಲ್ ತುದಿಯಲ್ಲಿ ಅಲುಗಿದರೆ ಕಿಂಗ್ ಪಿನ್ ಬುಷ್ ಸವೆದಿದೆ.

2. ಗಾಲಿಯನ್ನು ಮುಂದೆ ಮತ್ತು ಹಿಂದೆ ಹಿಡಿದು ಅಲುಗಾಡಿಸಿ. ಈಗ ಅಲುಗಿದರೆ ಟೈ ರಾಡ್ ತುದಿಯ ಬಾಲ್ ಜಾಯಿಂಟುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಿ. ಸಡಿಲವಿರುವ ಜಾಯಿಂಟ್ ‘ಟಕ್’ ಎಂದು ಬೆರಳಿಗೇ ತಿಳಿಯುತ್ತದೆ.

3. ಗಾಲಿಯನ್ನು ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್ ಹಾಳಾಗಿದೆ. ರಿಮ್ ಅಡ್ಡಲಾಗಿ ತೂಗಾಡಿದರೆ ರಿಮ್ ಬಾಗಿದೆ.

4. ಆಕ್ಸಲ್ ನಡುವಿನ ಸೆಂಟರ್ ಪಿನ್ನಿನಲ್ಲಿ ಹಿಂದು ಮುಂದಿನ ಅಲುಗಾಟವಿದೆಯೇ ನೋಡಿ. ಇದು ಸವೆದಿದ್ದರೆ ಇಡೀ ಮುಂಭಾಗ ಅಲೆಯುತ್ತದೆ.

5. ಗಾಲಿಗಳನ್ನು ನೆಲಕ್ಕಿಳಿಸಿ, ಸ್ಟೀರಿಂಗನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸಿ. ಗಾಲಿ ಮಿಸುಕುವ ಮೊದಲು ಸ್ಟೀರಿಂಗ್ ಎಷ್ಟು ದೂರ ಸುಮ್ಮನೆ ತಿರುಗುತ್ತದೆ ಎಂಬುದನ್ನು ಕೈಪಿಡಿಯ ಮಿತಿಯೊಡನೆ ಹೋಲಿಸಿ. ಜಾಯಿಂಟುಗಳೆಲ್ಲ ಗಟ್ಟಿಯಿದ್ದೂ ಈ ಆಟ ಹೆಚ್ಚಿದ್ದರೆ ಸ್ಟೀರಿಂಗ್ ಬಾಕ್ಸ್ ಪರೀಕ್ಷಿಸಬೇಕು. ಪವರ್ ಸ್ಟೀರಿಂಗ್ ಇರುವ ಟ್ರ್ಯಾಕ್ಟರಿಗೆ ಈ ಪರೀಕ್ಷೆಯನ್ನು ಮೆಕ್ಯಾನಿಕ್ ಎದುರಿಗೇ ಮಾಡಿಸುವುದು ಒಳಿತು.

ಸವೆದ ಭಾಗಗಳನ್ನು ಬದಲಿಸಿದ ನಂತರವೇ ಅಳತೆಗೆ ಕೈ ಹಾಕಬೇಕು.

ಅಂತರಬೆಳೆ ರೈತರು ಗಮನಿಸಬೇಕಾದ ಒಂದು ಅಂಶ

ಬೆಳೆಯ ಸಾಲಿನ ಅಂತರಕ್ಕೆ ತಕ್ಕಂತೆ ಗಾಲಿಗಳ ನಡುವಿನ ಅಗಲವನ್ನು ಬದಲಿಸುವುದು ಉತ್ತಮ ಪದ್ಧತಿ. ಆದರೆ ಮುಂದಿನ ಆಕ್ಸಲ್‌ನ ಎರಡೂ ತುದಿಗಳನ್ನು ರಂಧ್ರದಿಂದ ರಂಧ್ರಕ್ಕೆ ಸರಿಸಿದಾಗ ಟೈ ರಾಡುಗಳ ಉದ್ದವನ್ನೂ ಅಷ್ಟೇ ಬದಲಿಸಬೇಕು. ಇದು ಬಿಟ್ಟುಹೋದರೆ, ಅಥವಾ ಒಂದು ಬದಿಯಲ್ಲಿ ಒಂದು ರಂಧ್ರ ಹೆಚ್ಚುಕಡಿಮೆಯಾದರೆ, ಯಾವ ಭಾಗವೂ ಸವೆಯದೆ ಜೋಡಣೆ ಕೆಡುತ್ತದೆ. ತೊಗರಿಯ 90 ಸೆಂ.ಮೀ. ಸಾಲಿಗೆ ಹೊಂದಿಸಿದ್ದ ಟ್ರ್ಯಾಕ್ಟರನ್ನು ಬೇರೆ ಬೆಳೆಗೆ ಬದಲಿಸಿದ ನಂತರ ದೋಷ ಕಾಣಿಸಿಕೊಂಡಿದ್ದರೆ ಮೊದಲು ಎರಡೂ ಬದಿಯ ರಂಧ್ರಗಳನ್ನು ಎಣಿಸಿ ನೋಡಿ.

ನಾಲ್ಕನೇ ಹೆಜ್ಜೆ: ಟೋ-ಇನ್ ಅಳತೆ

1. ಸಮತಟ್ಟಾದ ನೆಲದಲ್ಲಿ ಗಾಲಿಗಳನ್ನು ನೇರವಾಗಿಟ್ಟು ಟ್ರ್ಯಾಕ್ಟರನ್ನು ಮೂರು ನಾಲ್ಕು ಮೀಟರ್ ಮುಂದಕ್ಕೆ ಚಲಿಸಿ ನಿಲ್ಲಿಸಿ. ಹಿಂದಕ್ಕೆ ಚಲಿಸಬಾರದು, ಹಿಂದೆ ಸರಿದರೆ ಜಾಯಿಂಟುಗಳ ಅಲ್ಪ ಸಡಿಲ ವಿರುದ್ಧ ದಿಕ್ಕಿಗೆ ತಿರುಗಿ ಅಳತೆ ತಪ್ಪುತ್ತದೆ.

2. ಎರಡೂ ಮುಂದಿನ ಟೈರುಗಳ ಮುಂಭಾಗದಲ್ಲಿ, ಹಬ್‌ನ ನಡುವಿನ ಎತ್ತರಕ್ಕೆ ಸರಿಯಾಗಿ, ನಡುವಿನ ಪಟ್ಟಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಈ ಗುರುತುಗಳ ನಡುವಿನ ದೂರ ಮೊದಲ ಅಳತೆ.

3. ಗಾಲಿ ಅರ್ಧ ಸುತ್ತು ತಿರುಗಿ ಅದೇ ಗುರುತುಗಳು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರುವವರೆಗೆ ಟ್ರ್ಯಾಕ್ಟರನ್ನು ಮುಂದಕ್ಕೆ ಚಲಿಸಿ. ಈಗಿನ ದೂರ ಎರಡನೇ ಅಳತೆ. ಅದೇ ಗುರುತುಗಳನ್ನು ಬಳಸುವುದರಿಂದ ರಿಮ್‌ನ ಅಲ್ಪ ಸೊಟ್ಟು ಲೆಕ್ಕವನ್ನು ಕೆಡಿಸುವುದಿಲ್ಲ.

4. ಎರಡನೇ ಅಳತೆಯಿಂದ ಮೊದಲನೆಯದನ್ನು ಕಳೆದರೆ ಬರುವುದೇ ಟೋ-ಇನ್. ಉದಾಹರಣೆಗೆ ಮುಂದೆ 1,302 ಮಿ.ಮೀ., ಹಿಂದೆ 1,307 ಮಿ.ಮೀ. ಇದ್ದರೆ ಟೋ-ಇನ್ 5 ಮಿ.ಮೀ. ಹಿಂದಿನ ಅಳತೆಯೇ ಕಡಿಮೆ ಬಂದರೆ ಗಾಲಿಗಳು ಹೊರಮುಖವಾಗಿವೆ.

ನಡುವೆ ಯಾವುದಾದರೂ ಭಾಗ ಟೇಪಿಗೆ ಅಡ್ಡಬಂದರೆ ಗುರುತಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿಕೊಂಡು ಅಳೆಯಬಹುದು. ಮೂರು ಸಲ ಅಳೆಯಿರಿ. ಪ್ರತಿ ಸಲವೂ ಉತ್ತರ ಬೇರೆ ಬೇರೆ ಬಂದರೆ ಎಲ್ಲೋ ಸಡಿಲ ಇನ್ನೂ ಉಳಿದಿದೆ. ಮೂರನೇ ಹೆಜ್ಜೆಗೆ ಮರಳಬೇಕು.

ಇದರೊಡನೆ ಇನ್ನೊಂದು ಅಳತೆಯನ್ನೂ ತೆಗೆದುಕೊಳ್ಳಿ. ಗಾಲಿಗಳು ನೇರವಾಗಿರುವಾಗ ಎಡಬದಿಯ ಮುಂದಿನ ಹಬ್ ನಡುವಿನಿಂದ ಹಿಂದಿನ ಹಬ್ ನಡುವಿಗಿರುವ ದೂರವನ್ನು ಬಲಬದಿಯ ದೂರದೊಡನೆ ಹೋಲಿಸಿ. ಎರಡೂ ಸಮನಾಗಿರಬೇಕು. ವ್ಯತ್ಯಾಸ ಎದ್ದು ಕಂಡರೆ, ಬದುವಿಗೋ ಕಲ್ಲಿಗೋ ಬಡಿದು ಆಕ್ಸಲ್ ಅಥವಾ ಸ್ಪಿಂಡಲ್ ಬಾಗಿರುವ ಸಂಭವವಿದೆ.

ಐದನೇ ಹೆಜ್ಜೆ: ಹೊಂದಾಣಿಕೆ

ಟೋ-ಇನ್ ಎಷ್ಟಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯ ಅಂಕಿಯನ್ನೇ ಅನುಸರಿಸಬೇಕು. ಹಳೆಯ ಕೈಪಿಡಿ ಕಳೆದಿದ್ದರೆ ಆ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡಿನ ಉದ್ದವನ್ನು ಬದಲಿಸಬೇಕು. ಟೈ ರಾಡ್ ಆಕ್ಸಲ್‌ನ ಹಿಂಬದಿಯಲ್ಲಿದ್ದರೆ ಅದರ ಉದ್ದ ಹೆಚ್ಚಿಸಿದಾಗ ಟೋ-ಇನ್ ಹೆಚ್ಚುತ್ತದೆ; ಮುಂಬದಿಯಲ್ಲಿದ್ದರೆ ಕಡಿಮೆಯಾಗುತ್ತದೆ. ಎರಡು ಟೈ ರಾಡುಗಳಿದ್ದಲ್ಲಿ ಎರಡನ್ನೂ ಸಮನಾಗಿ ತಿರುಗಿಸಬೇಕು. ಒಂದನ್ನೇ ತಿರುಗಿಸಿದರೆ ಅಳತೆ ಸರಿಬಂದರೂ ಒಂದು ಕಡೆಯ ತಿರುವು ಕಿರಿದಾಗಿ, ಹೊಲದ ಅಂಚಿನಲ್ಲಿ ತಿರುಗಿಸಲು ಹೆಚ್ಚು ಜಾಗ ಬೇಕಾಗುತ್ತದೆ. ಪ್ರತಿ ಬದಲಾವಣೆಯ ನಂತರ ಟ್ರ್ಯಾಕ್ಟರನ್ನು ಮುಂದಕ್ಕೆ ಚಲಿಸಿ ಮತ್ತೆ ಅಳೆದು, ಕೊನೆಗೆ ಲಾಕ್ ನಟ್ ಬಿಗಿಗೊಳಿಸಿ. ಬಾಗಿದ ಸ್ಪಿಂಡಲ್ ಅಥವಾ ಟೈ ರಾಡನ್ನು ಕಾಯಿಸಿ ಬಡಿದು ನೇರ ಮಾಡುವುದಾಗಲಿ, ವೆಲ್ಡಿಂಗ್ ಮಾಡಿಸುವುದಾಗಲಿ ಸಲ್ಲದು. ಅಂತಹ ಭಾಗ ರಸ್ತೆಯಲ್ಲಿ ಮುರಿದರೆ ಸ್ಟೀರಿಂಗ್ ಸಂಪೂರ್ಣ ಕೈತಪ್ಪುತ್ತದೆ.

ಹಳೆಯ ಕಾರು ಮತ್ತು ಜೀಪುಗಳ ವಿಷಯ

ಇಡೀ ಆಕ್ಸಲ್ ಇರುವ ಹಳೆಯ ಜೀಪುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಪ್ರತಿ ಗಾಲಿಗೂ ಪ್ರತ್ಯೇಕ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಸ್ಪ್ರಿಂಗ್ ಕುಗ್ಗಿದರೂ ಕೋನಗಳು ಬದಲಾಗುತ್ತವೆ. ಆದ್ದರಿಂದ ಒತ್ತಡ, ಸವೆತ ಮತ್ತು ಸಡಿಲದ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಂಡು, ಅಳತೆಯನ್ನು ಯಂತ್ರವಿರುವ ಕೇಂದ್ರದಲ್ಲಿ ಮಾಡಿಸಬೇಕು. ಸಡಿಲ ಸರಿಪಡಿಸದೆ ಯಂತ್ರದ ಮೇಲೆ ನಿಲ್ಲಿಸಿದರೆ ಅಲ್ಲಿಯೂ ಹಣ ವ್ಯರ್ಥವೇ.

ನಿರ್ವಹಣೆಯ ಸಮಯ

ಕಿಂಗ್ ಪಿನ್, ಸೆಂಟರ್ ಪಿನ್ ಮತ್ತು ಗ್ರೀಸ್ ನಿಪ್ಪಲ್ ಇರುವ ಬಾಲ್ ಜಾಯಿಂಟುಗಳಿಗೆ ಕೈಪಿಡಿಯ ಅವಧಿಯಂತೆ ಗ್ರೀಸ್ ಹಾಕಬೇಕು. ಭತ್ತದ ಗದ್ದೆಯಲ್ಲಿ ಕೆಸರು ಕಲಸಿದ ದಿನವಂತೂ ಸಂಜೆಯೇ ತೊಳೆದು, ಕೆಸರು ಬೆರೆತ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗ್ರೀಸ್ ಒತ್ತಬೇಕು. ಬುಷ್‌ಗಳನ್ನು ಅತಿ ಬೇಗ ತಿನ್ನುವುದು ಕೆಲಸದ ಗಂಟೆಗಳಲ್ಲ, ಒಳಸೇರಿದ ಕೆಸರು ನೀರು.

ಇಡೀ ತಪಾಸಣೆಗೆ ಹಿಂಗಾರು ಕೊಯ್ಲು ಮುಗಿದು ಮುಂಗಾರು ಬಿತ್ತನೆ ಆರಂಭವಾಗುವ ನಡುವಿನ ಏಪ್ರಿಲ್–ಮೇ ತಿಂಗಳುಗಳು ಸೂಕ್ತ. ಹದ ಬಂದ ದಿನ ಗ್ಯಾರೇಜಿನಲ್ಲಿ ಕಳೆದುಹೋದರೆ ಅದನ್ನು ಮರಳಿ ಪಡೆಯಲಾಗದು. ತಪಾಸಣೆಯ ದಿನಾಂಕ, ಎರಡೂ ಅಳತೆಗಳು ಮತ್ತು ಬದಲಿಸಿದ ಭಾಗಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ದೋಷವನ್ನು ಅದು ಬೆಳೆಯುವ ಮೊದಲೇ ಗುರುತಿಸಬಹುದು. ದುರಸ್ತಿ ತಡವಾಗುವಂತಿದ್ದರೆ ಬಿತ್ತನೆಯನ್ನು ಮುಂದೂಡದೆ ಸಮೀಪದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಟ್ರ್ಯಾಕ್ಟರ್ ವಿಚಾರಿಸಿ. ಉಪಕರಣಗಳ ಹೊಂದಾಣಿಕೆ ಹಾಗೂ ಗಾಲಿ ಅಂತರದ ಬಗ್ಗೆ ಹೆಚ್ಚಿನ ಮಾಹಿತಿ ಬೇಕಿದ್ದಲ್ಲಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.